ಅಟ್ಟದಲ್ಲಿ ಸಿಕ್ಕಿದ ಗ್ಲೈಡರ್: ಹೊದಿಕೆ ಸುಲಿಯುವ ಮೊದಲು

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಹಳೇ ಮನೆ. ಮಾಡು ಬಿಚ್ಚಿ ರಿಪೇರಿ ಮಾಡಿಸುವಾಗ ಅಡಿಗೆಮನೆಯ ಅಟ್ಟದಲ್ಲಿ ಸೋದರಮಾವನ ರೇಡಿಯೋ ಕಂಟ್ರೋಲ್ ಗ್ಲೈಡರ್ (ಎಂಜಿನ್ ಇಲ್ಲದ ಮಾಡೆಲ್ ವಿಮಾನ) ಸಿಕ್ಕಿತು. ಮಾವ 1984ರಲ್ಲಿ ಬಹರೈನ್‌ನಿಂದ ಬರುವಾಗ ಕಿಟ್ ತಂದು, ರಜೆಯಲ್ಲೇ ಕೂತು ಕಟ್ಟಿ, ಪದವಿನಲ್ಲಿ ಹಾರಿಸಿದ್ದರಂತೆ. ಜೀಪಿನಲ್ಲಿ ಒಯ್ಯಲಿಕ್ಕೆ ಆಗಲಿ ಎಂದು ರೆಕ್ಕೆಯನ್ನು ಎರಡು ಭಾಗ ಮಾಡಿದ್ದಾರೆ, ನಡುವೆ ಉಕ್ಕಿನ ಸರಳು. ಪೆಟ್ಟಿಗೆಯ ಮೇಲೆ ‘ಜೆಂಟಲ್ ಲೇಡಿ’ ಎಂದಿದೆ. ಪ್ಲಾಸ್ಟಿಕ್ ಹೊದಿಕೆ ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದೆ, ಎರಡು ಕಡೆ ಹರಿದಿದೆ. ಬಲರೆಕ್ಕೆಯಲ್ಲಿ ಸಣ್ಣ ತೂತುಗಳಿವೆ, ತಟ್ಟಿದರೆ ಹುಡಿ ಉದುರುತ್ತದೆ. ಮೂಗಿನೊಳಗೆ ಬ್ಯಾಟರಿ ಸೋರಿ ಹಸಿರು, ಬಿಳಿ ಕಟ್ಟಿದೆ. ಎಲ್ಲ ಸುಲಿದು ಹೊಸತಾಗಿ ಮಾಡಲೇ? ನಮ್ಮ ಆಚಾರಿ ಅಡಿಕೆ ಸಲಾಕೆ ಸೀಳಿ ಹಾಕಿಕೊಡುತ್ತೇನೆ ಅನ್ನುತ್ತಾರೆ. ಮಾವನಿಗೆ ಈಗ ಎಪ್ಪತ್ತೆಂಟು. ಅವರು ನೋಡುವ ಹಾಗೆ ಒಂದು ಸಲ ಹಾರಬೇಕು.

ಉತ್ತರ: ಸುಲಿಯಬೇಡಿ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊದಲ ಸಲ ಹಳೇ ಗ್ಲೈಡರ್ ಒಂದು ನನ್ನ ಕೈಗೆ ಬಂದಾಗ ಒಂದೇ ಮಧ್ಯಾಹ್ನದಲ್ಲಿ ಹೊದಿಕೆ ಪೂರ್ತಿ ಕಿತ್ತು, ಒಳಗಿನ ಮರಕ್ಕೆಲ್ಲ ಸ್ಯಾಂಡ್‌ಪೇಪರ್ ಹಾಕಿ ಬೆಳ್ಳಗೆ ಮಾಡಿದ್ದೆ. ರಿಬ್‌ಗಳ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳ ಮೇಲೆ ಕಟ್ಟಿದವರು ಪೆನ್ಸಿಲಿನಲ್ಲಿ ನಂಬರು ಬರೆದಿದ್ದರು. ಒಂದು ರಿಬ್ಬಿನ ಬದಿಯಲ್ಲಿ ‘ಇದು ಸ್ವಲ್ಪ ಗಿಡ್ಡ’ ಎಂದೂ ಬರೆದುಕೊಂಡಿದ್ದರು. ಎಲ್ಲ ಹುಡಿಯಾಗಿ ಹೋಯಿತು. ಆ ನೋವು ಇನ್ನೂ ಇದೆ. ನಿಮ್ಮ ರೆಕ್ಕೆಯ ಒಳಗೂ ಮಾವನ ಕೈ ಇರುತ್ತದೆ. ಎರಡು ಭಾಗ ಮಾಡಿ ಸರಳು ಕೂಡಿಸಿದ ಆ ಜೋಡಣೆಯಂತೂ ಅವರ ಸ್ವಂತ ಕೆಲಸ. ಹಾರಲು ಅಗತ್ಯವಿದ್ದಷ್ಟನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಅವರು ಮಾಡಿದಂತೆಯೇ ಬಿಡಿ.

ಜೆಂಟಲ್ ಲೇಡಿ ಅಮೆರಿಕದ ಕಾರ್ಲ್ ಗೋಲ್ಡ್‌ಬರ್ಗ್ ಕಂಪನಿಯ ಕಿಟ್. ರೆಕ್ಕೆ ತುದಿಯಿಂದ ತುದಿಗೆ ಸುಮಾರು 2 ಮೀಟರ್. ರಡ್ಡರ್ (ಎಡಬಲಕ್ಕೆ ತಿರುಗಿಸುವ ಬಾಲದ ನಿಂತ ಪಟ್ಟಿ) ಮತ್ತು ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಅಡ್ಡ ಪಟ್ಟಿ) ಎರಡೇ ಚಾನೆಲ್, ಅಂದರೆ ರೇಡಿಯೋದಿಂದ ನಡೆಸುವುದು ಇವೆರಡನ್ನೇ. ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರುವುದರಿಂದ ರಡ್ಡರ್ ತಿರುಗಿಸಿದರೆ ಸಾಕು, ಗ್ಲೈಡರ್ ತಾನಾಗಿ ವಾಲಿ ತಿರುಗುತ್ತದೆ. ಹಾಗಾಗಿ ಎಡಬಲದ ಬಾಗು ಒಂದೇ ಸಮ ಇರಬೇಕಾದದ್ದು ಇದರ ಜೀವಾಳ.

ಮೊದಲು ಅಡಿಗೆಮನೆಯ ತಕ್ಕಡಿ ತನ್ನಿ. ಎಡರೆಕ್ಕೆ, ಬಲರೆಕ್ಕೆ, ಬಾಲ, ದೇಹ, ಪ್ರತಿಯೊಂದನ್ನೂ ತೂಗಿ ಬರೆದಿಡಿ. ಹುಳ ತಿಂದ ರೆಕ್ಕೆ ಹಗುರ ಬರುತ್ತದೆ, ನೀರು ಹೀರಿದ್ದು ಭಾರ ಬರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬಿಸಿಲಿಗೆ ಮಾತ್ರ ಇಡಬೇಡಿ. ಗ್ಲೈಡರ್ ಕಟ್ಟುವ ಹಗುರ ಮರ ಬಾಲ್ಸಾ. ನಲವತ್ತು ವರ್ಷ ಅಟ್ಟದ ಕತ್ತಲಲ್ಲಿದ್ದ ಅದು ಒಮ್ಮೆಗೇ ಒಣಗಿದರೆ ತಿರುಚಿಕೊಳ್ಳುತ್ತದೆ. ಹೊಗೆಯ ಬಗ್ಗೆ ಬೇಸರ ಬೇಡ. ನಮ್ಮ ಕರಾವಳಿಯ ಮಳೆಯಲ್ಲಿ ಬೂಸ್ಟು ಹಿಡಿಯದೆ ಇಷ್ಟು ಕಾಲ ಉಳಿದದ್ದು ಆ ಒಲೆಯ ಹೊಗೆಯಿಂದಲೇ ಇರಬೇಕು.

ಬ್ಯಾಟರಿ ನಿಕಲ್-ಕ್ಯಾಡ್ಮಿಯಂ. ಸೋರಿದ್ದು ಕ್ಷಾರ, ಆದ್ದರಿಂದ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಮತ್ತೆ ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ಒಣಗಿಸಿ. ಕೈಗವಸು ಬೇಕೇ ಬೇಕು. ಕಪ್ಪು ತಂತಿಯ ತುದಿ ಸುಲಿದು ನೋಡಿ. ತಾಮ್ರ ಹೊಳೆಯುವ ಬದಲು ಕಪ್ಪಾಗಿದ್ದರೆ ಕೊಳೆತ ಒಳಗೊಳಗೇ ಸ್ವಿಚ್ಚಿನವರೆಗೆ ಹೋಗಿರುತ್ತದೆ, ಇಡೀ ತಂತಿ ಬದಲಿಸಿ. ಕ್ಯಾಡ್ಮಿಯಂ ವಿಷ. ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ, ಸುಡಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಇನ್ನು ಹುಳ. ರೆಕ್ಕೆಯ ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಅಲುಗಾಡಿಸದೆ ಇಡಿ. ಹೊಸ ಹುಡಿ ಬಿದ್ದಿದ್ದರೆ ಹುಳ ಬದುಕಿದೆ ಎಂದೇ ಅರ್ಥ. ಮರಕ್ಕೆ ಹಚ್ಚುವ ಹುಳದ ಎಣ್ಣೆ, ಸೀಮೆಎಣ್ಣೆ ಯಾವುದನ್ನೂ ಮುಟ್ಟಿಸಬೇಡಿ. ಎಣ್ಣೆ ಕುಡಿದ ಬಾಲ್ಸಾಕ್ಕೆ ಆಮೇಲೆ ಅಂಟೂ ಹಿಡಿಯುವುದಿಲ್ಲ, ಹೊದಿಕೆಯೂ ಹಿಡಿಯುವುದಿಲ್ಲ. ತಣ್ಣಗೆ ಮಾಡುವುದೇ ಒಳ್ಳೆಯ ದಾರಿ. ರೆಕ್ಕೆಯ ಅರ್ಧ ಒಂದು ಮೀಟರ್ ಆದ್ದರಿಂದ ಐಸ್‌ಕ್ರೀಂ ಇಡುವ ಉದ್ದನೆಯ ಡೀಪ್ ಫ್ರೀಜರ್‌ನಲ್ಲಿ ಹಿಡಿಯುತ್ತದೆ. ಪರಿಚಯದ ಅಂಗಡಿಯವರನ್ನು ಕೇಳಿ. ದಪ್ಪ ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಸುತ್ತಿದ್ದನ್ನು ಬಿಚ್ಚಬೇಡಿ. ಬಿಚ್ಚಿದರೆ ಗಾಳಿಯ ತೇವವೆಲ್ಲ ತಣ್ಣಗಿನ ಮರದ ಮೇಲೆ ನೀರಾಗಿ ಕೂರುತ್ತದೆ.

ಹುಳ ಸತ್ತಮೇಲೆ ಸ್ಪಾರ್ ನೋಡಿ. ರೆಕ್ಕೆಯ ಉದ್ದಕ್ಕೂ ಓಡುವ ಆ ಕಡ್ಡಿಯೇ ಇಡೀ ಭಾರ ಹೊರುವುದು. ಉಳಿದ ಎಲ್ಲವೂ ರೆಕ್ಕೆಗೆ ಆಕಾರ ಕೊಡಲಿಕ್ಕೆ ಇರುವುದು. ಹೊದಿಕೆ ಹರಿದ ಕಡೆಯಿಂದಲೇ ಟಾರ್ಚ್ ಬಿಟ್ಟು, ಹೊಲಿಗೆಸೂಜಿಯ ತುದಿಯಿಂದ ಪ್ರತಿ ಬೆರಳಗಲಕ್ಕೆ ಒಮ್ಮೆ ಮೆಲ್ಲಗೆ ಚುಚ್ಚಿ. ಒಳ್ಳೆಯ ಮರ ಸೂಜಿಯನ್ನು ತಡೆಯುತ್ತದೆ. ಹಾಳಾದಲ್ಲಿ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಭಾಗದ ಹೊದಿಕೆಯನ್ನು ಮಾತ್ರ ಇಸ್ತ್ರಿಪೆಟ್ಟಿಗೆಯ ಹದ ಬಿಸಿಯಲ್ಲಿ ಕಾಯಿಸಿ, ಅದರ ಮೇಲೆಯೇ ಹಿಂದಕ್ಕೆ ಮಡಚುತ್ತಾ ನಿಧಾನ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಬಾಲ್ಸಾದ ನಾರು ಕಿತ್ತುಕೊಂಡು ಬರುತ್ತದೆ.

ಹಾಳಾದ ಸ್ಪಾರ್ ತುಂಡನ್ನು ಓರೆಯಾಗಿ ಕೊಯ್ದು ತೆಗೆಯಿರಿ. ಕಡ್ಡಿ 6 ಮಿಲಿಮೀಟರ್ ದಪ್ಪವಿದ್ದರೆ ಓರೆ 70 ಮಿಲಿಮೀಟರ್ ಉದ್ದ ಇರಲಿ, ಅಂದರೆ ದಪ್ಪದ ಹನ್ನೆರಡು ಪಟ್ಟಿನಷ್ಟು. ಹೊಸ ತುಂಡಿಗೂ ಅದೇ ಓರೆ, ನಾರಿನ ದಿಕ್ಕೂ ಅದೇ. ಮೊದಲು ಅಂಟು ಹಾಕದೆ ಕೂಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಾಣಿಸಿದರೆ ಇನ್ನೊಮ್ಮೆ ತಿಕ್ಕಬೇಕು. ಬಿಳಿ ಫೆವಿಕಾಲ್ ತೆಳುವಾಗಿ ಸವರಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಒಂದು ದಿನ ಹಾಗೇ ಬಿಡಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಹೊಂದಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಅದು ಬಿರುಕು ಬಿಟ್ಟ ರಿಬ್‌ಗಳಿಗೆ ಸಾಕು. ಅರಾಲ್ಡೈಟ್ ಬೇಕಾದದ್ದು ಸರಳು ಕೂರುವ ಕೊಳವೆಯ ಬುಡಕ್ಕೆ ಮಾತ್ರ.

ಆಚಾರಿಯವರ ಸಲಾಕೆ ಬೇಡ. ಅವರ ಮನಸ್ಸು ಒಳ್ಳೆಯದು, ಸಲಾಕೆ ಗಟ್ಟಿ ಕೂಡ. ಆದರೆ ಒಂದು ಬದಿಯ ರೆಕ್ಕೆ ಬಾಗಿದಷ್ಟು ಇನ್ನೊಂದು ಬಾಗದಿದ್ದರೆ ಗಾಳಿಯ ಹೊಡೆತಕ್ಕೆ ಗ್ಲೈಡರ್ ಒಂದೇ ಕಡೆಗೆ ತಿರುಗುತ್ತಾ ಹೋಗುತ್ತದೆ. ಸಲಾಕೆಯ ಭಾರವೂ ಹೆಚ್ಚು. ಬಿದಿರೇ ಬಾಲ್ಸಾಕ್ಕಿಂತ ನಾಲ್ಕು ಪಟ್ಟಿಗೂ ಮೀರಿ ತೂಗುತ್ತದೆ. ಮೊದಲು ಇದ್ದದ್ದು ಬಾಲ್ಸಾ ಆದರೆ ಬಾಲ್ಸಾವನ್ನೇ ಹಾಕಿ, ಸ್ಪ್ರೂಸ್ (ಬಾಲ್ಸಾಕ್ಕಿಂತ ಗಟ್ಟಿಯಾದ ಇನ್ನೊಂದು ಮರ) ಆದರೆ ಸ್ಪ್ರೂಸ್. ಏರೋಮಾಡೆಲಿಂಗ್ ಸಾಮಾನು ಮಾರುವವರಲ್ಲಿ ತರಿಸಿಕೊಳ್ಳಬಹುದು. ಆಚಾರಿಯವರಿಂದ ಒಂದು ಬೇರೆ ಸಹಾಯ ಕೇಳಿ: ಒಂದೂಕಾಲು ಮೀಟರ್ ಉದ್ದದ, ಎಲ್ಲೂ ತಿರುಚಿರದ ಹಲಗೆ. ರೆಕ್ಕೆಯ ಕೆಲಸವೆಲ್ಲ ಅದರ ಮೇಲೆಯೇ ನಡೆಯಬೇಕು.

ಎಲ್ಲ ಕೂಡಿಸಿದ ಮೇಲೆ ಒಂದು ಪರೀಕ್ಷೆ. ಎರಡೂ ತುದಿಯಿಂದ ಒಂದು ಗೇಣು ಒಳಗೆ ದಿಂಬು ಕೊಟ್ಟು ರೆಕ್ಕೆಯನ್ನು ಎತ್ತಿಡಿ, ನಡುವಿಗೆ ಅರ್ಧ ಲೀಟರ್ ನೀರಿನ ಬಾಟಲಿ ತೂಗುಹಾಕಿ. ಕಿವಿಗೊಟ್ಟು ಕೇಳಿ. ‘ಚಟ್’ ಎಂಬ ಸದ್ದಿಲ್ಲದಿದ್ದರೆ ಒಂದು ಲೀಟರ್. ಸುಮಾರು 700 ಗ್ರಾಂ ತೂಗುವ ಗ್ಲೈಡರಿಗೆ ಇದು ನೇರ ಹಾರಾಟದಲ್ಲಿ ರೆಕ್ಕೆಯ ನಡುವೆ ಬೀಳುವ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಮಾವನ ಕಣ್ಣೆದುರು ರೆಕ್ಕೆ ಮುರಿಯುವುದಕ್ಕಿಂತ ಚಾವಡಿಯಲ್ಲಿ ಮುರಿಯುವುದು ಲೇಸು.

ತೇಪೆ ಹಾಕುವ ಹೊದಿಕೆಯನ್ನು, ಸಾಧ್ಯವಾದರೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ. ಕಾಗದ ಹೊದೆಸಿ ಅದನ್ನು ಬಿಗಿ ಮಾಡುವ ಡೋಪ್ ಎಂಬ ವಾರ್ನಿಶ್ ಬಳಿಯುವ ಹಳೇ ಗ್ಲೈಡರುಗಳಿಗೆ ಇದು ಕಡ್ಡಾಯ. ಮಳೆಗಾಲದಲ್ಲಿ ಡೋಪ್ ಬಳಿದರೆ ತೇವ ಸಿಕ್ಕಿಕೊಂಡು ಬೆಳ್ಳಗೆ ಮಂಕಾಗುತ್ತದೆ. ಬಾಲದ ಕಡೆ ಒಂದು ಗ್ರಾಂ ಹೆಚ್ಚಾದರೆ ಮೂಗಿಗೆ ಎರಡು ಮೂರು ಗ್ರಾಂ ಸೀಸ ಕಟ್ಟಬೇಕಾಗುತ್ತದೆ, ಆದ್ದರಿಂದ ಹಿಂದುಗಡೆ ಕೈ ಬಿಗಿ ಇರಲಿ. ತೂಕ ನಿಲ್ಲಬೇಕಾದ ಜಾಗ ನಕ್ಷೆಯಲ್ಲಿರುತ್ತದೆ. ನಕ್ಷೆ ಸಿಗದಿದ್ದರೆ ರೆಕ್ಕೆಯ ಮುಂದಂಚಿನಿಂದ ಅಗಲದ ಮೂರನೇ ಒಂದು ಭಾಗದಲ್ಲಿ ಎರಡು ಬೆರಳು ಕೊಟ್ಟು ಎತ್ತಿ, ಮೂಗು ತುಸು ಕೆಳಗೆ ಬಾಗಿ ನಿಲ್ಲುವಷ್ಟು ಸರಿಮಾಡಿಕೊಳ್ಳಿ.

ಪ್ರಶ್ನೆ: ಅಪ್ಪನ ಹಳೇ ಟ್ರಾನ್ಸ್‌ಮಿಟರ್‌ಗೆ ಹೊಸ ಸೆಲ್ ಹಾಕಿದೆ, ಸರ್ವೋಗಳು (ರಡ್ಡರ್, ಎಲಿವೇಟರ್ ಎಳೆಯುವ ಪುಟ್ಟ ಮೋಟಾರುಗಳು) ಅಲುಗಾಡಿದವು! ಹಿಂದೆ 72 ಎಂದು ಬರೆದಿದೆ. ಹಾಗೇ ಹಾರಿಸಬಹುದೇ? (ಕುಂಬಳೆಯಿಂದ)

ಉತ್ತರ: ಆ ಸರ್ವೋ ಗುರ್ ಅನ್ನುವ ಸದ್ದು ಕೇಳಿದಾಗಿನ ಸಂತೋಷ ನನಗೆ ಗೊತ್ತು. ಆದರೂ ಬೇಡ. 72 ಮೆಗಾಹರ್ಟ್ಸ್ ಅಮೆರಿಕದಲ್ಲಿ ಮಾಡೆಲ್ ವಿಮಾನಗಳಿಗೆಂದು ಬಿಟ್ಟುಕೊಟ್ಟ ಅಲೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 2.4 ಗಿಗಾಹರ್ಟ್ಸ್ ಸೆಟ್ ಒಂದನ್ನು ಕೊಳ್ಳಿ. ಅಪ್ಪನ ಟ್ರಾನ್ಸ್‌ಮಿಟರ್‌ನ ಸೆಲ್ ತೆಗೆದು ಒರೆಸಿ ಜೋಪಾನವಾಗಿಡಿ. ಹಳೇ ಸರ್ವೋಗಳನ್ನು ಉಳಿಸಿಕೊಳ್ಳುವ ಆಸೆಯಿದ್ದರೆ 4.8 ವೋಲ್ಟ್ ಮೀರಿಸಬೇಡಿ, ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ ನೇರ ಕೊಟ್ಟರೆ ಸುಟ್ಟುಹೋಗುತ್ತವೆ. ಹಳೇ ಪ್ಲಗ್‌ಗಳಲ್ಲಿ ತಂತಿಯ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಬಣ್ಣ ನಂಬದೆ ಮೀಟರ್ ಹಿಡಿದು ನೋಡಿ. ನಾನಾದರೆ ಹೊಸ ಸಣ್ಣ ಸರ್ವೋ ಹಾಕಿ, ಉಳಿದ ತೂಕಕ್ಕೆ ಮೂಗಿನಲ್ಲಿ ಸೀಸ ಇಡುತ್ತೇನೆ.

ಪ್ರಶ್ನೆ: ನಾವು ಪೈವಳಿಕೆಯವರು. ರಿಪೇರಿ ಮಾಡಿದ ಗ್ಲೈಡರನ್ನು ಪೊಸಡಿಗುಂಪೆ ಗುಡ್ಡದಿಂದ ಬಿಡಬಹುದೇ? ಬೇಕಲ ಕೋಟೆ ಹೇಗೆ?

ಉತ್ತರ: ಕೋಟೆ ಬೇಡ. ಅದು ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಜನವೂ ಹೆಚ್ಚು. ಪೊಸಡಿಗುಂಪೆಯಲ್ಲಿ ಮಧ್ಯಾಹ್ನದ ಕಡಲಗಾಳಿ ಪಡುವಣ ಇಳಿಜಾರಿಗೆ ಬಡಿದು ಮೇಲೇಳುತ್ತದೆ, ಗ್ಲೈಡರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಅದು ಮೊದಲ ಹಾರಾಟಕ್ಕಲ್ಲ. ಮುರಕಲ್ಲಿನ ಮೇಲೆ ಇಳಿದರೆ ಹೊಟ್ಟೆಯ ಹೊದಿಕೆ ಒಂದೇ ಉಜ್ಜಿಗೆ ಹೋಗುತ್ತದೆ. ಡ್ರೋನ್‌ಗಳನ್ನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ. ಹಸಿರಿನಲ್ಲೂ 400 ಅಡಿಯೇ ಮಿತಿ, ಗ್ಲೈಡರ್ ಕಣ್ಣಳತೆ ದಾಟಬಾರದು. ರಬ್ಬರ್ ಎಳೆದು ಮೇಲಕ್ಕೆ ಚಿಮ್ಮಿಸುವ ಹೈಸ್ಟಾರ್ಟ್ ಅನ್ನು ಹಳೇ ರೆಕ್ಕೆಗೆ ಈಗಲೇ ಕಟ್ಟಬೇಡಿ.

ಕೊಯ್ಲು ಮುಗಿದ ಗದ್ದೆ ಹುಡುಕಿ. ಬೆಳಗ್ಗೆ ಗಾಳಿ ಏಳುವ ಮೊದಲು, ಗದ್ದೆಯ ಹುಣಿಯ ಮೇಲೆ ನಿಂತು, ಮೂಗನ್ನು ಎದುರಿನ ಹುಣಿಯ ಬುಡಕ್ಕೆ ಗುರಿಯಿಟ್ಟು, ಎಸೆಯದೆ ತಳ್ಳಿಬಿಡಿ. ಮೂಗೆತ್ತಿ ನಿಂತು ಬಿದ್ದರೆ ಮೂಗಿಗೆ ಸೀಸ ಸೇರಿಸಿ. ನೇರ ಮಣ್ಣಿಗೆ ಹೋದರೆ ತೆಗೆಯಿರಿ. ಒಂದು ಬದಿಗೇ ವಾಲಿದರೆ ಆ ರೆಕ್ಕೆ ತಿರುಚಿದೆ, ಹಲಗೆಗೆ ಒತ್ತಿಹಿಡಿದು ಹೊದಿಕೆಯನ್ನು ಮತ್ತೆ ಬಿಸಿಮಾಡಿ. ಹತ್ತು ಸಲ ತಳ್ಳಿದಾಗ ಹತ್ತು ಸಲವೂ ಇಪ್ಪತ್ತು ಹೆಜ್ಜೆ ದೂರ ನೆಟ್ಟಗೆ ಹೋಗಿ ಕುಳೆಯ ಮೇಲೆ ಹೊಟ್ಟೆಯೂರಿ ಇಳಿದರೆ, ಹತ್ತೂವರೆ ಹನ್ನೊಂದರ ಹೊತ್ತಿಗೆ ಆಕಾಶ ನೋಡಿ. ಗರುಡ ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತದೆಯೋ ಅಲ್ಲಿ ಬಿಸಿಗಾಳಿ ಮೇಲೇರುತ್ತಿರುತ್ತದೆ. ಗುಡ್ಡಕ್ಕೆ ಹೋದ ದಿನ ಅದರ ಅಡಿಗೆ ಗ್ಲೈಡರ್ ತಿರುಗಿಸಿ.