ಭಾವಚಿತ್ರಕ್ಕೆ 50 ಮಿ.ಮೀ. ಲೆನ್ಸೋ, 85 ಮಿ.ಮೀ. ಲೆನ್ಸೋ?

ಪ್ರಶ್ನೆ: ನನ್ನಲ್ಲಿ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್‌ನ (ಚಿತ್ರ ಗ್ರಹಿಸುವ ಫಲಕದ) ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55 ಮಿ.ಮೀ. ಕಿಟ್ ಲೆನ್ಸ್ ಇವೆ. ಇದರಲ್ಲಿ ತೆಗೆದ ಭಾವಚಿತ್ರಗಳಲ್ಲಿ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. 85 ಮಿ.ಮೀ. ಲೆನ್ಸೇ ಬೇಕೆಂದು ಕೆಲವರು, 50 ಸಾಕೆಂದು ಇನ್ನು ಕೆಲವರು ಹೇಳುತ್ತಾರೆ. ಹೆಚ್ಚಾಗಿ ಮನೆಯೊಳಗೇ ಚಿತ್ರ ತೆಗೆಯುವ ನಾನು ಯಾವುದನ್ನು ಕೊಳ್ಳಲಿ?

ಉತ್ತರ: 50 ಮಿ.ಮೀ. ಲೆನ್ಸನ್ನೇ ಕೊಳ್ಳಿ. ಆದರೆ ಮೂಗು ದಪ್ಪಗಾದ ತಪ್ಪನ್ನು ಕಿಟ್ ಲೆನ್ಸಿನ ಮೇಲೆ ಹೊರಿಸಬೇಡಿ. ಅದಕ್ಕೆ ಕಾರಣ ನೀವು ನಿಂತ ದೂರ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳೋಣ. ಮೂಗಿನಿಂದ 50 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಹಿಡಿದರೆ ಕಿವಿ 62 ಸೆಂ.ಮೀ. ದೂರದಲ್ಲಿರುವುದರಿಂದ, ಕಿವಿಯ ಅಳತೆಗೆ ಹೋಲಿಸಿದಾಗ ಮೂಗು ಶೇ. 24ರಷ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಕ್ಯಾಮೆರಾ 2 ಮೀಟರ್ ದೂರದಲ್ಲಿದ್ದರೆ ಈ ವ್ಯತ್ಯಾಸ ಶೇ. 6ಕ್ಕೆ ಇಳಿಯುತ್ತದೆ. ಒಂದೇ ಜಾಗದಲ್ಲಿ ನಿಂತು ಯಾವ ಲೆನ್ಸ್ ಹಾಕಿದರೂ ಮುಖದ ಈ ಪ್ರಮಾಣ ಬದಲಾಗುವುದಿಲ್ಲ. 18 ಮಿ.ಮೀ.ನಲ್ಲಿ ತಲೆ ಮತ್ತು ಭುಜ ಚೌಕಟ್ಟು ತುಂಬಬೇಕಾದರೆ ನೀವು ಅರ್ಧ ಮೀಟರಿನಷ್ಟು ಹತ್ತಿರ ಹೋಗಲೇಬೇಕಾಗುತ್ತದೆ, ತೊಂದರೆ ಹುಟ್ಟುವುದು ಅಲ್ಲಿ. ಹಾಗಾಗಿ ಮೊದಲು ದೂರವನ್ನು ನಿರ್ಧರಿಸಿ, ಆ ದೂರಕ್ಕೆ ಹೊಂದುವ ಫೋಕಲ್ ಲೆಂತ್ ಅನ್ನು (ಲೆನ್ಸಿನ ಮಿ.ಮೀ. ಅಂಕೆಯನ್ನು; ಅದು ಹೆಚ್ಚಿದಷ್ಟೂ ನೋಟ ಕಿರಿದು) ಆಮೇಲೆ ಆರಿಸಬೇಕು.

ಭಾವಚಿತ್ರಕ್ಕೆ 85 ಒಳ್ಳೆಯದೆಂಬ ಹೆಸರು ಬಂದದ್ದು 36×24 ಮಿ.ಮೀ. ಅಳತೆಯ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾಗಳಿಂದ. ಅಲ್ಲಿ ತಲೆ-ಭುಜದ ಚಿತ್ರವನ್ನು ಸುಮಾರು ಒಂದೂವರೆ ಮೀಟರ್ ದೂರದಿಂದ ತೆಗೆಯಬಹುದು. ನಿಮ್ಮ ಸೆನ್ಸರ್ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ ಅಲ್ಲಿನ 75ರ ನೋಟವನ್ನು (ಕ್ಯಾನನ್ ಆದರೆ 80ರದನ್ನು) ಕೊಡುತ್ತದೆ, 85 ಮಿ.ಮೀ. ಲೆನ್ಸ್ ಸುಮಾರು 130ರಂತೆ ವರ್ತಿಸುತ್ತದೆ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು ನಿಂತ ವ್ಯಕ್ತಿಯ ಪೂರ್ಣ ಚಿತ್ರ ತೆಗೆಯಲು 50ಕ್ಕೆ ನಾಲ್ಕು ಮೀಟರಿಗಿಂತ ಹೆಚ್ಚು, 85ಕ್ಕೆ ಏಳು ಮೀಟರಿಗಿಂತ ಹೆಚ್ಚು ಜಾಗ ಬೇಕು. ಕೋಣೆಯೊಳಗೆ ಏಳು ಮೀಟರ್ ಎಲ್ಲಿಂದ ತರುತ್ತೀರಿ?

ಹಿನ್ನೆಲೆ ಮಸುಕಾಗುವ ವಿಷಯದಲ್ಲಿಯೂ ನಿಮಗೆ ಲಾಭವಿದೆ. ಕಿಟ್ ಲೆನ್ಸ್ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಅಂದರೆ ಬೆಳಕಿನ ಕಿಂಡಿ ಹೆಚ್ಚೆಂದರೆ 10 ಮಿ.ಮೀ.; ಎಫ್/1.8ರ 50 ಮಿ.ಮೀ. ಲೆನ್ಸಿನಲ್ಲಿ ಅದು 28 ಮಿ.ಮೀ. (ಎಫ್ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಕಿಂಡಿ ದೊಡ್ಡದಾದಷ್ಟೂ ಹಿನ್ನೆಲೆ ಹೆಚ್ಚು ಮಸುಕು). ಆದರೆ ಪೂರ್ತಿ ತೆರೆದು ತಲೆ-ಭುಜದ ಚಿತ್ರ ತೆಗೆದಾಗ ಸ್ಪಷ್ಟವಾಗಿ ಮೂಡುವ ಆಳ ಸುಮಾರು 5 ಸೆಂ.ಮೀ. ಮಾತ್ರ. ಮುಖ ಸ್ವಲ್ಪ ಓರೆಯಾದರೂ ದೂರದ ಕಣ್ಣು ಮಂಕಾಗುತ್ತದೆ. ರೆಪ್ಪೆಯೊಂದು ಚೂಪಾಗಿದ್ದು ಉಳಿದ ಮುಖವೆಲ್ಲ ಕರಗಿಹೋದ ಚಿತ್ರಗಳ ಗೀಳು ನನಗಂತೂ ಹಿಡಿಸುವುದಿಲ್ಲ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಎಫ್/2.8 ಆಸುಪಾಸಿನಿಂದ ಆರಂಭಿಸಿ.

ಹಣ ಕೊಡುವ ಮುನ್ನ ಕಿಟ್ ಲೆನ್ಸನ್ನು 50ರ ಗುರುತಿಗೆ ಇಟ್ಟು, ಝೂಮ್ ತಿರುಗಿಸದೆ, ನೀವು ಬಳಸುವ ಕೋಣೆಯಲ್ಲಿಯೇ ಕೆಲವು ಚಿತ್ರ ತೆಗೆದು ನೋಡಿ. ಪ್ರತಿ ಸಲವೂ ಬೆನ್ನು ಗೋಡೆಗೆ ತಾಗುವಂತಿದ್ದರೆ 35 ಮಿ.ಮೀ. ಲೆನ್ಸ್ ಮೇಲು, ಆಗ ಬರೀ ಮುಖದ ಚಿತ್ರಕ್ಕೆ ಆಸೆಪಡದೆ, ಸುತ್ತಲಿನ ವಸ್ತುಗಳನ್ನೂ ಸೇರಿಸಿ ಸೊಂಟದವರೆಗಿನ ಚಿತ್ರ ತೆಗೆಯುವುದು ಒಳ್ಳೆಯದು.