ಲೇಬರ್ ಕ್ಯಾಂಪಿನಲ್ಲಿ ಪೌಷ್ಟಿಕ ಆಹಾರದ ತರಗತಿ: ತಾಯಂದಿರು ಬರುವಂತೆ ಮಾಡುವುದು ಹೇಗೆ? ಚಾರ್ಟ್ ಹೇಗಿರಬೇಕು?

ಪುಣೆಯ ಕಟ್ಟಡ ಕಾರ್ಮಿಕರ ಕ್ಯಾಂಪು, ನಮ್ಮ ಕಡೆಯ ತಾಯಂದಿರು, ಅವರಿಗೆ ತಿಳಿವಳಿಕೆ ಕಡಿಮೆ, ಕರೆದರೂ ಬರೋದಿಲ್ಲ, ಚಾರ್ಟ್ ಹಾಕಿ ಕಲಿಸಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಪುಣೆಯ ವಾಕಡದಲ್ಲಿ ನಾನು ಪಾಠ ಮಾಡಿದ ಆ ತಗಡಿನ ಶೆಡ್ಡುಗಳೇ ಕಣ್ಣ ಮುಂದೆ ಬಂದವು. ನನ್ನ ತರಗತಿಗೆ ತಾಯಂದಿರು ಬಂದಿದ್ದರು. ಆದರೂ ನಾಲ್ಕು ತಿಂಗಳು ಏನೂ ಆಗಲಿಲ್ಲ.

ಯಾದಗಿರಿ, ಕಲಬುರಗಿ ಕಡೆಯ ನಲವತ್ತು ಕುಟುಂಬ ಇದ್ದವು. ವಾರದ ಖರ್ಚಿ, ಅಂದರೆ ವಾರದ ಖರ್ಚಿನ ದುಡ್ಡು, ಕೈಗೆ ಬರುವ ಭಾನುವಾರ ಎಲ್ಲರೂ ಶೆಡ್ಡಿನಲ್ಲೇ ಇರುತ್ತಿದ್ದರು. ಅವತ್ತೇ ಹೋಗುತ್ತಿದ್ದೆ. ಬೇಳೆ, ಸೊಪ್ಪು, ಮೊಟ್ಟೆ ಎಲ್ಲ ಹೇಳಿದೆ. ಕೇಳಿದರೆ ಎಲ್ಲರೂ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅವರಲ್ಲೇ ಚೆನ್ನಾಗಿ ಹೇಳುತ್ತಿದ್ದ ಒಬ್ಬ ತಾಯಿಯ ಮಗುವಿಗೆ ಹನ್ನೊಂದು ತಿಂಗಳು. ಮಗು ಎಷ್ಟು ಸೊರಗಿದೆ ಅಂತ ತೋಳಿನ ಸುತ್ತಳತೆಯಿಂದ ತಿಳಿಸುವ ಟೇಪನ್ನು ಅದರ ತೋಳಿಗೆ ಸುತ್ತಿದರೆ 12.2 ಸೆಂಟಿಮೀಟರ್. ಎರಡು ತಿಂಗಳಾದ ಮೇಲೆ 11.6. ಟೇಪಿನಲ್ಲಿ 12.5ಕ್ಕಿಂತ ಕಡಿಮೆ ಬಂದರೆ ಹಳದಿ, ಅಂದರೆ ಅಪೌಷ್ಟಿಕತೆ; 11.5ಕ್ಕಿಂತ ಕೆಳಗೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅವತ್ತು ಆ ತಾಯಿಗೆ ಎಲ್ಲರೆದುರು ಗದರಿಸಿಬಿಟ್ಟೆ. ಆಕೆ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೊಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಏನೋ ಕೆಲಸಕ್ಕೆ ಆ ಕಡೆ ಹೋದೆ. ಆ ಮಗುವಿನ ಒಂಬತ್ತು ವರ್ಷದ ಅಕ್ಕ ಅದನ್ನು ತೊಡೆ ಮೇಲೆ ಕೂರಿಸಿಕೊಂಡು, ಕರಿ ಚಹಾದಲ್ಲಿ ಬಿಸ್ಕಿಟ್ ಅದ್ದಿ ಬಾಯಿಗಿಡುತ್ತಿದ್ದಳು. ಪಕ್ಕದಲ್ಲೇ ಅವ್ವ ಮಾಡಿಟ್ಟು ಹೋದ ರೊಟ್ಟಿ, ಬ್ಯಾಳಿ ಮುಚ್ಚಿಟ್ಟ ಹಾಗೇ ಇತ್ತು. ಯಾಕವ್ವ ಅಂದರೆ, "ರೊಟ್ಟಿ ಗಂಟಲಾಗ ಸಿಕ್ಕೊಂತದರಿ ಅಕ್ಕೋರೆ, ನನಗ ಅಂಜಿಕಿ ಬರ್ತದ" ಅಂದಳು.

ನನ್ನ ತಪ್ಪು ಇಲ್ಲೇ ಇತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಹೊಟ್ಟೆ ಚಿಕ್ಕದು, ಒಂದೇ ಸಲ ಜಾಸ್ತಿ ಹಿಡಿಸೋದಿಲ್ಲ. ತಾಯಿ ಎಂಟಕ್ಕೆ ಸೈಟಿಗೆ ಹೋದರೆ ಬರುವುದು ಸಂಜೆ ಆರೂವರೆಗೆ. ಆಕೆ ಉಣಿಸಲು ಆಗುವುದು ಎರಡೇ ಸಲ. ನಡುವಿನ ಹತ್ತು ಗಂಟೆ ಮಗು ಆ ಹುಡುಗಿಯ ಕೈಯಲ್ಲಿ. ನನ್ನ ವಹಿಯಲ್ಲಿ ತಾಯಿ ಹೆಸರಿತ್ತು, ತೂಕ ಇತ್ತು. ಹಗಲು ಮಗುವಿಗೆ ಉಣಿಸೋರು ಯಾರು ಅನ್ನೋದು ಮಾತ್ರ ಇರಲಿಲ್ಲ. ಭಾನುವಾರ ಮಾತ್ರ ಹೋಗುತ್ತಿದ್ದೆನಲ್ಲ, ತಾಯಿ ತಾನೇ ಉಣಿಸುವ ಆ ಒಂದು ದಿನವನ್ನೇ ನೋಡಿ ಇಡೀ ವಾರ ಹೀಗೇ ಅಂದುಕೊಂಡಿದ್ದೆ.

ಅವತ್ತೇ ಆ ಹುಡುಗಿಯ ಜೊತೆ ಕೂತೆ. ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಹಾಕಿ, ಕೈಯಲ್ಲಿ ನುಣ್ಣಗೆ ಕಿವುಚಿ, ಹುರಿದ ಶೇಂಗಾದ ನಯವಾದ ಪುಡಿ ಒಂದು ಚಮಚ, ಎರಡು ಹನಿ ಎಣ್ಣೆ. ಚಮಚ ವಾಲಿಸಿದರೆ ಸುರಿಯಬಾರದು, ಅಷ್ಟು ಗಟ್ಟಿ ಇರಬೇಕು. ಒಂದು ಸಲಕ್ಕೆ ಇಷ್ಟು ಅಂತ ಬಟ್ಟಲಿನ ಅರ್ಧಕ್ಕೆ ನೇಲ್ ಪಾಲಿಶಿನಲ್ಲಿ ಗೆರೆ ಎಳೆದುಕೊಟ್ಟೆ. ಮೂರು ತಿಂಗಳಿಗೆ ತೋಳು 12.4 ಆಯಿತು. ಇನ್ನೂ ಹಳದಿಯೇ, ಆದರೆ ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು.

ಆ ತಾಯಂದಿರಿಗೆ ತಿಳಿವಳಿಕೆ ಕಡಿಮೆ ಅಂತ ನೀವು ಅಂದುಕೊಂಡಿರುವುದನ್ನು ನಾನು ಒಪ್ಪೋದಿಲ್ಲ. ಅವರಿಗಿಲ್ಲದ್ದು ಹೊತ್ತು. ಚಾರ್ಟ್ ಬಿಟ್ಟುಬಿಡಿ, ಆ ದುಡ್ಡಿನಲ್ಲಿ ಬಟ್ಟಲು ತನ್ನಿ. ಕೆಲಸದ ದಿನ ಹನ್ನೊಂದಕ್ಕೆ ಹೋಗಿ, ಮಗು ಯಾರ ತೊಡೆ ಮೇಲಿದೆಯೋ ಅವರಿಗೇ ಕಲಿಸಿ. ಅಜ್ಜಿ ಇರಲಿ, ಅಕ್ಕ ಇರಲಿ. ಆದರೆ ಟೇಪು ಕೆಂಪು ತೋರಿಸಿದರೆ ಪಾಠ ಬೇಡ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ, ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೊಯ್ಯುವ ರೇಷನ್ ಸಿಗುತ್ತದೆ.

ಇನ್ನೊಂದು ಮಾತು. ಆ ಹುಡುಗಿ ಶಾಲೆಯಲ್ಲಿ ಇರಬೇಕಾದವಳು. ಐವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಸೈಟಿನಲ್ಲಿ ಮಕ್ಕಳಿಗೆ ಒಂದು ಕೋಣೆ ಇರಲೇಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನಾನು ಅದನ್ನು ಕೇಳಲೇ ಇಲ್ಲ. ನೀವು ಮೊದಲ ದಿನವೇ ಹೆಂಗಸರ ಲೆಕ್ಕ ಹಾಕಿಕೊಂಡು ಕಂತ್ರಾಟುದಾರರ ಹತ್ತಿರ ಹೋಗಿ.