ಬಸ್ ಕಾಯೋ ಹೊತ್ತಿನ್ಯಾಗ ಎರಡ ರೌಂಡ್

ಈ ತಿಂಗಳ ಬಂದ ಪತ್ರದಾಗ ಅರ್ಧಕ್ಕರ್ಧ ಒಂದ ರಾಗ ನೋಡ್ರಿ. ಊರಾಗಿದ್ದಾಗ ಎಲ್ಲಾ ಬರೋಬ್ಬರಿ ನಡೀತೈತಿ ಮಾಸ್ತರ, ತಿರುಗಾಟ ಶುರು ಆತಂದ್ರ ವಾಕಿಂಗೂ ಇಲ್ಲ ಊಟಕ್ಕ ಹೊತ್ತೂ ಇಲ್ಲ ಅಂತ. ಅದಕ್ಕ ಈ ಸಲ ಅವನ್ನಷ್ಟ ಆರಿಸಿಕೊಂಡೇನಿ. ನಾ ಡಾಕ್ಟರ್ ಅಲ್ರಿ, ಧಾರವಾಡದ ಸಾಲಿಯೊಳಗ 31 ವರ್ಷ ಸೀಟಿ ಊದಿದ ಪಿ.ಇ. ಮಾಸ್ತರ. ಹುಡುಗೂರನ್ನ ಜಿಲ್ಲಾ ಮಟ್ಟ ವಿಭಾಗ ಮಟ್ಟ ಅಂತ ಆಟಕ್ಕ ಕರ್ಕೊಂಡ ಹೋಗಿ ಹೋಗಿ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಎಷ್ಟ ತಾಸು ಕಳ್ದೇನೋ ಲೆಕ್ಕಿಲ್ಲ, ಹಿಂಗಾಗಿ ಈ ವಿಷಯದಾಗ ಮಾತಾಡಾಕ ಸ್ವಲ್ಪ ಹಕ್ಕೈತಿ ಅಂತ ತಿಳ್ಕೊಂಡೇನಿ.

ಪ್ರಶ್ನೆ: ಸರ್, ನಾನು ಬೀಜ ಗೊಬ್ಬರದ ಕಂಪನಿಯೊಳಗ ಫೀಲ್ಡ್ ಕೆಲಸ ಮಾಡ್ತೀನಿ, ವಯಸ್ಸು 34. ವಾರದಾಗ ನಾಲ್ಕ ದಿನ ಗದಗ, ರೋಣ, ನರಗುಂದ, ಹಾವೇರಿ, ರಾಣೇಬೆನ್ನೂರ ತಿರುಗಾಟ, ಎರಡ ರಾತ್ರಿ ಲಾಡ್ಜ್. ಮೂರ ವರ್ಷದಾಗ 71 ಕೆಜಿ ಇದ್ದಾಂವ 83 ಆಗೇನಿ. ಮೂರ ಸಲ ಜಿಮ್ ಸೇರಿ ಮೂರೂ ಸಲ ಬಿಟ್ಟೆ, ರೊಕ್ಕ ಅಷ್ಟ ಹೋತು. ಲಾಡ್ಜ್ ರೂಮಿನ್ಯಾಗ ಮಾಡೂವಂಥ ಎಕ್ಸರ್ಸೈಜ್ ಇದ್ರ ಹೇಳ್ರಿ. – ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ತಮ್ಮಾ, ಮಾಸ್ತರಕಿ ಚಟ, ನೀ ಅಂತೀನಿ, ಸಿಟ್ಟಾಗಬ್ಯಾಡ. ಎಕ್ಸರ್ಸೈಜ್ ಹೇಳ್ತೀನಿ, ಆದ್ರ ಮೊದಲ ನಿನ್ನ ಒಂದ ದಿನದ ಲೆಕ್ಕ ಹಾಕೂಣು. ಹುಬ್ಬಳ್ಳಿಯಿಂದ ಗದಗ ಹತ್ತಿರ ಹತ್ತಿರ 58 ಕಿಲೋಮೀಟರ್, ಬಸ್ಸಿನ್ಯಾಗ ಒಂದೂವರಿ ತಾಸು ಕುಂತಿ. ಅದಕ್ಕಿಂತ ಮೊದಲ ಸ್ಟ್ಯಾಂಡಿನ್ಯಾಗ ಇಪ್ಪತ್ತ ನಿಮಿಷ ಕುಂತಿದ್ದಿ, ಆಮ್ಯಾಲ ಡೀಲರ್ ಅಂಗಡಿಯೊಳಗ ಸಾಹುಕಾರ ಫೋನ್ ಮುಗಸೂತನಾ ಅರ್ಧಾ ತಾಸು ಸ್ಟೂಲ್ ಮ್ಯಾಲ ಕುಂತಿ, ಸಂಜಿಕೆ ವಾಪಸ್ ಬರೂ ಮುಂದ ಮತ್ತ ಅರ್ಧಾ ತಾಸು ಕಾದಿ. ಪ್ರಯಾಣ ಬಿಟ್ಟು ಬರೇ ಕಾಯೂದ ಒಂದು ತಾಸಿಗಿಂತ ಜಾಸ್ತಿ ಆತಲಾ, ಆ ಹೊತ್ತಿನ್ಯಾಗ ನೀ ಏನ ಮಾಡ್ತಿದ್ದಿ? ಮೊಬೈಲ್ ನೋಡ್ತಿದ್ದಿ. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ಹೇಳೂದು ವಾರಕ್ಕ ಕಮ್ಮಿ ಅಂದ್ರ 150 ನಿಮಿಷ ಸ್ವಲ್ಪ ಉಸರ ಜೋರಾಗೂ ಹಂಗ ನಡದಾಡ್ರಿ ಅಂತ, ಜೊತಿಗೆ ವಾರದಾಗ ಎರಡ ದಿನ ಸ್ನಾಯುಗೋಳಿಗೆ ಕೆಲಸ ಕೊಡ್ರಿ ಅಂತ. ನಿಂದು ನಾಲ್ಕ ದಿನದ ಕಾಯೂ ಹೊತ್ತಿನ್ಯಾಗ ಆ 150 ಆಗಿ ಮ್ಯಾಲ ಉಳೀತೈತಿ. ನೀ ಜಿಮ್ ಬಿಟ್ಟಿದ್ದು ಆಲಸಿತನಕ್ಕಲ್ಲ, ಜಿಮ್ ಹುಬ್ಬಳ್ಯಾಗೈತಿ ನೀ ರೋಣದಾಗಿರ್ತಿ, ಹ್ಯಾಂಗ ನಡೀಬೇಕು ಅದು.

ನಂದ ಒಂದ ಸುದ್ದಿ ಕೇಳು. ಹೋದ ವರ್ಷ ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ನನ್ನ ಗಾಡಿ ಎರಡ ತಾಸು ಲೇಟ್. ನಮ್ಮೂರ ಪ್ಲಾಟ್‌ಫಾರ್ಮ್ ಗೊತ್ತಲಾ, 1507 ಮೀಟರ್ ಉದ್ದ, 2023ರ ಮಾರ್ಚ್‌ನ್ಯಾಗ ಉದ್ಘಾಟನೆ ಆತು, ಅದಕ್ಕೂ ಮೊದಲ ಗೋರಖಪುರದ್ದ ಜಗತ್ತಿನ ಉದ್ದಂದು ಅಂತಿದ್ರು, 1366 ಮೀಟರ್, ಅದನ್ನ ನಾವು ಹಿಂದ ಹಾಕಿದ್ವಿ. ಜನ ಅದರ ಜೋಡಿ ಸೆಲ್ಫಿ ತಗೀತಾರ, ಅದರ ಮ್ಯಾಲ ಅಡ್ಡಾಡಾವ್ರು ಯಾರೂ ಕಾಣಲಿಲ್ಲ. ನಾ ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಒಂದ ತುದಿಯಿಂದ ಹೊಂಟೆ, ಆ ಕಡೆ ತುದಿ ಮುಟ್ಟಾಕ 17 ನಿಮಿಷ, ಹೋಗಿ ಬಂದ್ರ ಮೂರ ಕಿಲೋಮೀಟರ್. ಎರಡನೇ ರೌಂಡಿನ್ಯಾಗ ಚಾ ಮಾರೂ ಹುಡುಗ ನಿಂದ್ರಿಸಿ "ಅಜ್ಜಾರ, ಏನರ ಕಳಕೊಂಡೀರೇನ್ರಿ?" ಅಂತ ಕೇಳಿದ. "ಹೊಟ್ಟಿ ಕಳಕೊಳ್ಳಾಕತ್ತೇನಪಾ" ಅಂದೆ, ನಕ್ಕ, ಆದ್ರ ಪೂರಾ ನಂಬಲಿಲ್ಲ ಅನಸ್ತೈತಿ, ಹೊಳ್ಳಿ ಹೊಳ್ಳಿ ನೋಡಾಕತ್ತಿದ್ದ. ಗಾಡಿ ಬರೂದ್ರಾಗ ಆರ ಕಿಲೋಮೀಟರ್ ಆಗಿತ್ತು, ಆ ರಾತ್ರಿ ಬರ್ತ್ ಮ್ಯಾಲ ಬಿದ್ದಾಂವ ದಾವಣಗೆರಿ ಯಾವಾಗ ಬಂತೋ ಗೊತ್ತ ಇಲ್ಲ. ಒಂದ ಎಚ್ಚರಿಕಿ, ಹಳದಿ ಗೆರಿ ದಾಟಬ್ಯಾಡ, ಕಿವಿಗೆ ಇಯರ್‌ಫೋನ್ ಬ್ಯಾಡ.

ಗದಗದಾಗ ರಾತ್ರಿ ಉಳಕೊಂಡ್ರ ಮುಂಜಾನೆ ಭೀಷ್ಮ ಕೆರಿ ದಂಡಿಗೆ ಹೋಗು, ಹಾವೇರಿಯೊಳಗ ಹೆಗ್ಗೇರಿ ಐತಿ. ಅಷ್ಟ ಸಾಕು, ಶೂ ಬ್ಯಾಗಿನ್ಯಾಗ ಇಟ್ಟಿರು.

ಈಗ ನೀ ಕೇಳದಿದ್ದ ಮಾತು. ನಿನ್ನ 12 ಕೆಜಿಯೊಳಗ ಚಾದ ಪಾಲು ಎಷ್ಟೈತಿ ಅಂತ ನೋಡೀಯೇನ? ಫೀಲ್ಡ್ ಮಂದಿ ಕಷ್ಟ ನಂಗ ಗೊತ್ತು, ಡೀಲರ್ ಚಾ ತರಸ್ತಾನ, ಬ್ಯಾಡಂದ್ರ ಮುಖ ಸಣ್ಣ ಮಾಡ್ತಾನ, ಆರ್ಡರ್ ಸಿಗೂದು ಅನುಮಾನ. ದಿನಕ್ಕ ಎಂಟ ಅಂಗಡಿ ಎಂಟ ಚಾ, ಒಂದೊಂದಕ್ಕ ಎರಡ ಚಮಚ ಸಕ್ರಿ ಹಿಡದ್ರ 16 ಚಮಚ, ಚಮಚಕ್ಕ ನಾಲ್ಕ ಗ್ರಾಂ ಅಂದ್ರೂ 64 ಗ್ರಾಂ ಸಕ್ರಿ ಚಾದಾಗ ಹೋತು. ದಿನಕ್ಕ 50 ಗ್ರಾಂ ಒಳಗ ಇರಬೇಕು, 25ಕ್ಕ ಇಳಿಸಿದ್ರ ಇನ್ನೂ ಛಲೋ ಅಂತಾರ. ಬಿಡು ಅಂತ ಹೇಳಂಗಿಲ್ಲ ನಾ, ನಂಗೂ ಚಾ ಬೇಕು. ಮೊದಲ ಎರಡ ಅಂಗಡಿಯೊಳಗ ಕುಡಿ, ಉಳದ ಕಡೆ "ಅಣ್ಣಾರ, ಸಕ್ರಿ ಬಿಟ್ಟೇನ್ರಿ, ಹೊಟ್ಯಾಗ ಆಗಂಗಿಲ್ಲ" ಅಂದು ಒಂದ ಗ್ಲಾಸ್ ನೀರು ಇಸ್ಕೊಂಡು ಕುಡಿ. ಉಪವಾಸ ಅಂದ್ರೂ ನಡೀತೈತಿ, ಆದ್ರ ವಾರ ನೆನಪಿಟ್ಕೋ, ಸೋಮವಾರ ಅಂದಾಂವ ಮತ್ತ ಅಲ್ಲೇ ಹೋಗಿ ಗುರುವಾರ ಅಂದ್ರ ಸಿಕ್ಕೊಂಡಿ.

ಊಟಕ್ಕ ಖಾನಾವಳಿನ ಹುಡಕು, ನಮ್ಮ ಭಾಗದಾಗ ತಿರುಗಾಟದಾವ್ರಿಗೆ ದೇವ್ರು ಕೊಟ್ಟ ವರ ಅದು. ತಪ್ಪ ಎಲ್ಲಿ ಆಗ್ತೈತಿ ಅಂದ್ರ ಬಿಸಿ ರೊಟ್ಟಿ ಬಂದ ಕೂಡ್ಲೆ ಎರಡ ರೊಟ್ಟಿ ಹಿಂಡಿ ಹಚ್ಚಿ ಹೊಡೀತೀವಿ, ಆಮ್ಯಾಲ ಮತ್ತೆರಡು, ಕೊನಿಗೆ ರೂಢಿ ಅಂತ ಅನ್ನ ಸಾರು. ನೀ ಉಲ್ಟಾ ಮಾಡು. ತಾಟಿನ ದಂಡಿಗಿಟ್ಟ ಸೌತಿಕಾಯಿ, ಮೆಂತೆ ಸೊಪ್ಪು, ಉಳ್ಳಾಗಡ್ಡಿ ಮೊದಲ ಖಾಲಿ ಮಾಡು, ಮಡಿಕಿ ಕಾಳೋ ಹೆಸರು ಕಾಳೋ ಏನ ಪಲ್ಯ ಐತಿ ಅದನ್ನ ಎರಡ ಸಲ ಹಾಕ್ಸ್ಕೋ, ಎರಡ ರೊಟ್ಟಿ, ಮೊಸರು, ಅನ್ನಕ್ಕ ಕೈ ಅಡ್ಡ ಹಿಡಿ. ಸಂಜಿಕೆ ಹಸದ್ರ ಗಿರ್ಮಿಟ್ ತಿನ್ನು, ಏನೂ ಆಗಂಗಿಲ್ಲ, ಅದರ ಬಾಜೂಕ ಕುಂದರೂ ಮಿರ್ಚಿ ಐತಲಾ, ಖರೆ ವೈರಿ ಅದು.

ಇನ್ನ ಲಾಡ್ಜ್. ಎರಡ ರಾತ್ರಿ ಉಳಕೋತಿ, ಸ್ನಾಯುಗಳಿಗೆ ಬೇಕಾದ್ದೂ ಎರಡ ದಿನ, ಲೆಕ್ಕ ಸರಿ ಹೋತು. ರೂಮ್ ಮ್ಯಾಲಿನ ಮಾಳಿಗ್ಯಾಗ ಕೇಳು, ಲಿಫ್ಟ್ ಇದ್ರೂ ಪಾವಟಿಗಿ ಹತ್ತು. ನಮ್ಮ ಗರಡಿ ಮನಿ ಪೈಲವಾನರ ಎರಡ ಸಾಮಾನಿಲ್ಲದ ಸಾಮು, ಬಸ್ಕಿ ಮತ್ತ ದಂಡ. ಬಸ್ಕಿ 12 ಹೊಡಿ, ಕುರ್ಚಿ ಮ್ಯಾಲ ಕುಂದ್ರಾವ್ರಂಗ ಕುಂಡಿ ಹಿಂದ ಹೋಗಬೇಕು, ಹಿಮ್ಮಡಿ ಏಳಬಾರದು. ನೆಲದ ದಂಡ ಮೊದಲನೇ ದಿನ ಬರಂಗಿಲ್ಲ, ಮಂಚದ ಅಂಚಿಗೆ ಕೈ ಊರಿ 10 ಹೊಡಿ, ಮಂಚ ಗ್ವಾಡಿಗೆ ಹತ್ತಿರಲಿ, ಇಲ್ಲಂದ್ರ ಜಾರ್ತೈತಿ (ಒಂದ ಲಾಡ್ಜಿನ್ಯಾಗ ನಾ ಮಂಚದ ಜೋಡಿನ ಬಾಗಲತನಾ ಹೋಗೇನಿ, ಕೆಳಗಿನ ರೂಮಿನಾವ್ರು ಕೌಂಟರಿಗೆ ಫೋನ್ ಮಾಡಿದ್ರು). ಆಮ್ಯಾಲ ನಿನ್ನ ಸ್ಯಾಂಪಲ್ ಬ್ಯಾಗ್ ಎತ್ತು. ಒಂದ ಕೈ ಟೇಬಲ್ಲಿಗೆ ಊರಿ, ಬಗ್ಗಿ, ಇನ್ನೊಂದ ಕೈಲೆ ಬ್ಯಾಗನ್ನ ನೆಲದಿಂದ ಪಕ್ಕೆಲುಬತನಾ ಜಗ್ಗು, ಬಾವಿ ನೀರು ಸೇದಿದಂಗ, ಕೈಗೆ 12. ಹಿಂಗ ಮೂರ ಸುತ್ತು, ಹದಿನೈದ ನಿಮಿಷ. ರಾತ್ರಿ ಬಸ್ಸಿನ್ಯಾಗ ನಿದ್ದಿ ಕೆಟ್ಟ ದಿನ ಇದ್ಯಾವುದೂ ಬ್ಯಾಡ, ಬರೇ ಅಡ್ಡಾಡು.

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಹುಬ್ಬಳ್ಳಿಯಿಂದ ಹಾವೇರಿಗೆ ದಿನಾ ಬಸ್ಸಿಗೆ ಅಪ್ ಅಂಡ್ ಡೌನ್ ಮಾಡ್ತೀನಿ, ಬ್ಯಾಂಕಿನ ಕೆಲಸ, ವಯಸ್ಸು 46. ಸಂಜಿಕೆ ಮನಿಗೆ ಬಂದು ಚಪ್ಪಲಿ ಬಿಟ್ರ ಪಟ್ಟಿ ಗುರುತು ಕಾಲಿನ ಮ್ಯಾಲ ಹಂಗ ಮೂಡಿರ್ತೈತಿ, ಬಾತಿರ್ತಾವ. ದಾರ್ಯಾಗ ತ್ರಾಸ ಆಗ್ತೈತಿ ಅಂತ ಮುಂಜಾನಿಂದ ನೀರು ಕುಡಿಯೂದ ಬಿಟ್ಟೇನಿ. – ಒಬ್ಬ ಓದುಗಿ, ಹುಬ್ಬಳ್ಳಿ

ಉತ್ತರ: ಅಕ್ಕಾರ, ನೀರು ಬಿಡೂದ ಮೊದಲ ಬಿಡ್ರಿ. ಬಸ್‌ಸ್ಟ್ಯಾಂಡಿನ ಶೌಚಾಲಯದ ಪರಿಸ್ಥಿತಿ ನಮಗೂ ಗೊತ್ತೈತಿ, ನಿಮ್ಮ ಮ್ಯಾಲ ತಪ್ಪ ಹೊರಸಂಗಿಲ್ಲ, ಆದ್ರ ನೀರು ಕಮ್ಮಿ ಆದ್ರ ಉರಿಮೂತ್ರ, ತಲಿನೋವು, ಮಲಬದ್ಧತಿ ಎಲ್ಲಾ ಒಂದರ ಹಿಂದ ಒಂದ ಬರ್ತಾವ. ಎದ್ದ ಕೂಡ್ಲೆ ದೊಡ್ಡ ತಂಬಿಗಿ ನೀರು ಕುಡೀರಿ, ಮನಿ ಬಿಡೂಕ್ಕಿಂತ ಒಂದ ತಾಸ ಮೊದಲ ನಿಲ್ಲಸ್ರಿ, ಆಫೀಸ್ ಮುಟ್ಟಿದ ಮ್ಯಾಲ ಮತ್ತ ಶುರು ಮಾಡ್ರಿ, ವಾಪಸ್ ಹೊಂಡೂ ಮುಂದನೂ ಹಂಗ. ಬಸ್ಸಿನ್ಯಾಗ ಬರೇ ಗಂಟಲ ಹಸಿ ಮಾಡ್ಕೊಳ್ರಿ.

ಬಾವು ಯಾಕ ಬರ್ತೈತಂದ್ರ ಕಾಲಿಗಿಳದ ರಕ್ತ ಮ್ಯಾಲ ಹೋಗಾಕ ಮೀನಖಂಡ ಹಿಂಡಬೇಕು, ನಾವು ನಡದಾಗಷ್ಟ ಅದು ಹಿಂಡ್ತೈತಿ, ಕುಂತ್ರ ಸುಮ್ನ ಇರ್ತೈತಿ. ನಿಮ್ಮದು ಬಸ್ಸಿನ್ಯಾಗ ಕುಂದರೂದು, ಆಮ್ಯಾಲ ಕೌಂಟರಿನ್ಯಾಗ ಕುಂದರೂದು, ಮತ್ತ ಬಸ್ಸು. ಕುಂತಲ್ಲೆ ಹಿಮ್ಮಡಿ ಊರಿ ಬೆರಳ ಎತ್ರಿ, ಬೆರಳ ಊರಿ ಹಿಮ್ಮಡಿ ಎತ್ರಿ, ಹೊಲಿಗಿ ಮಶೀನ್ ತುಳಿದಂಗ, ಅರ್ಧಾ ತಾಸಿಗೊಮ್ಮೆ 30 ಸಲ. ಬಾಜೂಕ ಕುಂತಾವ್ರಿಗೆ ಗೊತ್ತೂ ಆಗಂಗಿಲ್ಲ. ಶಿಗ್ಗಾವಿ ದಾಟಿದ ಮ್ಯಾಲ ಒಂದಿಷ್ಟ ಹೊತ್ತು ಎದ್ದ ನಿಂದ್ರಿ. ಮನಿಗೆ ಬಂದು ದಿಂಬಿನ ಮ್ಯಾಲ ಕಾಲಿಟ್ಟು ಹದಿನೈದ ನಿಮಿಷ ಮಲಕೊಳ್ರಿ, ಅಷ್ಟೊತ್ತು ಯಾರರ ಚಾ ಮಾಡ್ಲಿ.

ಇದನ್ನ ಸರಿಯಾಗಿ ಓದ್ರಿ. ಎರಡೂ ಕಾಲು ಸಂಜಿಕೆ ಬಾತು ಮುಂಜಾನೆ ಇಳದ್ರ ಅಷ್ಟ ಅಂಜಿಕಿಲ್ಲ. ಒಂದ ಕಾಲು ಬಾತು, ಮೀನಖಂಡ ನೋಯಾಕತ್ತಿ, ಮುಟ್ಟಿದ್ರ ಬಿಸಿ ಇದ್ರ ಆವತ್ತ ದವಾಖಾನಿಗೆ ಹೋಗ್ರಿ, ರಕ್ತ ಹೆಪ್ಪುಗಟ್ಟಿರಬಹುದು, ಜೊತಿಗೆ ಉಸರ ಕಟ್ಟಿದ್ರ ಅಥವಾ ಎದಿನೋವು ಬಂದ್ರ ರಾತ್ರಿ ಆಗಿದ್ರೂ ಹೋಗ್ರಿ. ನಾಲ್ಕ ತಾಸಿಗಿಂತ ಉದ್ದ ಪ್ರಯಾಣದಾಗ ಈ ಅಪಾಯ ಜಾಸ್ತಿ, ವಿಮಾನ ಅಷ್ಟ ಅಲ್ಲ ಬಸ್ಸು ರೈಲು ಕಾರು ಎಲ್ಲಾ ಅದರಾಗ ಬಂದ್ವು. ಮತ್ತ ನೀವು ಬಿಪಿ ಗುಳಗಿ ತಗೋತಿದ್ರ ಡಾಕ್ಟರಿಗೆ ಬಾವಿನ ಸುದ್ದಿ ಹೇಳ್ರಿ, ಅಮ್ಲೋಡಿಪಿನ್ ಅನ್ನೂ ಗುಳಗಿಯಿಂದ ಕೆಲವ್ರಿಗೆ ಕಾಲು ಬಾಯ್ತಾವ. ನೀವ ನೀವ ಗುಳಗಿ ಬಿಡಬ್ಯಾಡ್ರಿ ಮತ್ತ.

ಪ್ರಶ್ನೆ: ನನಗ 66, ಮನ್ಯಾಕಿಗೆ 61. ಇನ್ನ ಎರಡ ತಿಂಗಳಿಗೆ ಕಾಶಿ ಪ್ರಯಾಗ ಗಯಾ 11 ದಿನದ ಪ್ರವಾಸ ಹೊಂಟೇವಿ. ನನಗ ಸಕ್ರಿ ಕಾಯಿಲೆ, ಆಕಿಗೆ ಎಡ ಮಣಕಾಲು ನೋವು. ನಡಿಯೂದು ಆಗ್ತೈತೇನ್ರಿ? – ಹಾವೇರಿ

ಉತ್ತರ: ಯಜಮಾನ್ರ, ಎರಡ ತಿಂಗಳ ಮೊದಲ ಕೇಳೀರಿ, ಅದ ಛಲೋ ಆತು, ಭಾಳ ಮಂದಿ ಹೋಗಿ ಬಂದ ಮ್ಯಾಲ ಮಣಕಾಲು ಹಿಡಕೊಂಡ ಕೇಳ್ತಾರ. ಕಾಶಿಯೊಳಗ 84 ಘಾಟು, ಎಲ್ಲಾ ಪಾವಟಿಗಿನ, ಮತ್ತ ಮಣಕಾಲಿಗೆ ಏರೂದಕ್ಕಿಂತ ಇಳಿಯೂದ ತ್ರಾಸು. ಇವತ್ತಿಂದ ದಿನಾ ಹದಿನೈದ ನಿಮಿಷ ನಡೀರಿ, ವಾರಕ್ಕ ಐದೈದ ನಿಮಿಷ ಹೆಚ್ಚಸ್ರಿ, ಎಂಟ ವಾರಕ್ಕ 50 ನಿಮಿಷ ಆಗ್ತೈತಿ. ಅಕ್ಕಾರಿಗೆ ಕೈ ಊರಲಾರದ ಕುರ್ಚಿಯಿಂದ ಏಳೂದು ಕುಂದರೂದು, ಹತ್ತ ಹತ್ತ ಸಲ ಮುಂಜಾನೆ ಸಂಜಿಕೆ, ತೊಡಿ ಗಟ್ಟಿ ಆದ್ರ ಮಣಕಾಲಿನ ಭಾರ ಇಳೀತೈತಿ. ಪಾವಟಿಗಿ ಏರೂ ಮುಂದ ಛಲೋ ಕಾಲು ಮೊದಲ, ಇಳಿಯೂ ಮುಂದ ನೋಯೂ ಕಾಲು ಮೊದಲ, ಅಂದ್ರ ಅವರಿಗೆ ಏರಾಕ ಬಲ, ಇಳಿಯಾಕ ಎಡ. ಕೈಯಾಗೊಂದ ಬಡಗಿ ಇರಲಿ, ನಾಚಿಕಿ ಬ್ಯಾಡ.

ನೀವು ಹೊಸಾ ಶೂ ಹೊಂಡೂ ಹಿಂದಿನ ದಿನ ತಗೋಬ್ಯಾಡ್ರಿ, ಈಗ ತಗೊಂಡು ಮೆತ್ತಗ ಮಾಡ್ಕೊಳ್ರಿ. ಸಕ್ರಿ ಇದ್ದಾವ್ರಿಗೆ ಪಾದದಾಗ ಸ್ಪರ್ಶ ಕಮ್ಮಿ ಇರ್ತೈತಿ, ಗುಡಿ ಮುಂದ ಕಾದ ಕಲ್ಲಿನ ಮ್ಯಾಲ ಬರಿಗಾಲಲೆ ನಿಂತು ಸುಟ್ಟದ್ದೂ ಗೊತ್ತಾಗಂಗಿಲ್ಲ. ಕಾಲಚೀಲ ಹಾಕ್ಕೊಂಡ ಹೋಗ್ರಿ, ರಾತ್ರಿ ಅಂಗಾಲು ಒಬ್ಬರಿಗೊಬ್ಬರು ನೋಡ್ರಿ. ಗುಳಗಿ ಎರಡ ಪಾಲು ಮಾಡಿ ಎರಡ ಬ್ಯಾಗಿನ್ಯಾಗ, ಇನ್ಸುಲಿನ್ ಇದ್ರ ಕೈಚೀಲದಾಗ, ಊಟ ತಡ ಆದ್ರ ಬಾಯಿಗೆ ಹಾಕ್ಕೊಳ್ಳಾಕ ಕಿಸೆದಾಗ ಸಕ್ರಿ ಪುಡಿಕಿ. ಹೊಟ್ಟಿ ಕೆಟ್ರ ಓಆರ್‌ಎಸ್, ಪಾಕೀಟು ಸಿಗಲಿಲ್ಲಂದ್ರ ಕಾಸಿ ಆರಿಸಿದ ಒಂದ ಲೀಟರ್ ನೀರಿಗೆ ಆರ ಸಣ್ಣ ಚಮಚ ಸಕ್ರಿ, ಅರ್ಧಾ ಸಣ್ಣ ಚಮಚ ಉಪ್ಪು, ಸಪಾಟ ಚಮಚ ಮತ್ತ. ನಿಮಗ ಸಕ್ರಿ ಕಾಯಿಲೆ ಅಂತ ಆ ನೀರಿಗೆ ಅಂಜಬ್ಯಾಡ್ರಿ, ಆದ್ರ ಮೀಟರಿನ್ಯಾಗ ನೋಡ್ಕೋತ ಕುಡೀರಿ. ಹೊಂಡೂಕ್ಕಿಂತ ಮೊದಲ ನಿಮ್ಮ ಡಾಕ್ಟರಿಗೊಮ್ಮೆ ತೋರಿಸಿ, ಹೊಟ್ಟಿ ಕೆಟ್ರ ಯಾವ ಗುಳಗಿ ನಿಲ್ಲಸಬೇಕು ಅಂತ ಕೇಳಿ ಚೀಟಿಯೊಳಗ ಬರಸ್ಕೊಂಡ ಹೋಗ್ರಿ.

ಪ್ರಶ್ನೆ: ಸರ್, ಟೂರ್ನಮೆಂಟಿಗೆ ಹೋಗೂ ಮುಂದ ಪ್ರೋಟೀನ್ ಪೌಡರ್ ಡಬ್ಬಿ ಒಯ್ಯಬೇಕೋ ಬ್ಯಾಡೋ? ವಯಸ್ಸು 20, ಕಬಡ್ಡಿ ಆಡ್ತೀನಿ. – ಗದಗ

ಉತ್ತರ: ಡಬ್ಬಿ ರೊಕ್ಕ ಯಾರ ಕೊಟ್ರಪಾ, ಅಪ್ಪನ? 100 ಗ್ರಾಂ ಶೇಂಗಾದಾಗ ಹತ್ತಿರ ಹತ್ತಿರ 25 ಗ್ರಾಂ ಪ್ರೋಟೀನ್ ಐತಿ, ಒಂದ ತತ್ತಿಯೊಳಗ ಆರ ಗ್ರಾಂ. ಅವ್ವಗ ಹೇಳಿ ಕಟಿ ರೊಟ್ಟಿ, ಶೇಂಗಾ ಹಿಂಡಿ, ಹುರದ ಪುಟಾಣಿ ಕಟ್ಟಿಸ್ಕೋ, ವಾರ ಇಟ್ರೂ ಕೆಡಂಗಿಲ್ಲ, ತತ್ತಿ ಯಾವ ಊರಾಗರ ಕುದಿಸಿ ಕೊಡ್ತಾರ. ರೊಟ್ಟಿ ಗಂಟು ಮಾತ್ರ ಬ್ಯಾಗಿನ ಮ್ಯಾಲ ಇಡು, ನಮ್ಮ ಹುಡುಗೂರು ಒಮ್ಮೆ ಶೂ ಕೆಳಗ ಇಟ್ಟು ಬೆಳಗಾವಿ ಮುಟ್ಟೂದ್ರಾಗ ನುಚ್ಚ ಮಾಡಿದ್ರು, ಮೊಸರಾಗ ಕಲಸ್ಕೊಂಡ ತಿಂದು ಸೆಮಿಫೈನಲ್ ಆಡಿದ್ರು.